ರೇಷ್ಮೆ ಟಾಪ್ ಹ್ಯಾಟ್: ಅರಗಿನ ಚಿಪ್ಪಿನ ಮೇಲಿನ ಹೊಳಪು

ಕೊಳವೆಯಂತೆ ಎತ್ತರಕ್ಕೆ ನಿಲ್ಲುವ ರೇಷ್ಮೆಯ ಕಪ್ಪು ಟೋಪಿ, ಅಂದರೆ ಟಾಪ್ ಹ್ಯಾಟ್, ಹಾಳಾಗುವುದು ಹೆಚ್ಚಾಗಿ ವಯಸ್ಸಾದ ಕಾರಣಕ್ಕಲ್ಲ, ಬೇರೆ ಟೋಪಿಗಳಂತೆ ಅದನ್ನೂ ನೋಡಿಕೊಂಡ ಕಾರಣಕ್ಕೆ. ತುಪ್ಪಳ ಅಥವಾ ಉಣ್ಣೆಯನ್ನು ಒತ್ತಿ ಗಟ್ಟಿ ಮಾಡಿದ ಫೆಲ್ಟ್‌ನ ಟೋಪಿ ತಗ್ಗುಬಿದ್ದರೆ ಹಬೆ ಹಿಡಿದು ಎತ್ತಬಹುದು, ಧೂಳು ಕೂತರೆ ಗಟ್ಟಿ ಬ್ರಷ್‌ನಿಂದ ಉಜ್ಜಬಹುದು, ಬಿಗಿಯಾದರೆ ಹಿಗ್ಗಿಸಬಹುದು. ಇದೇ ಉಪಚಾರವನ್ನು ರೇಷ್ಮೆ ಹ್ಯಾಟಿಗೆ ಮಾಡಿದರೆ ನೂರು ವರ್ಷ ಉಳಿದುಬಂದದ್ದು ಐದು ನಿಮಿಷದಲ್ಲಿ ಕೆಟ್ಟುಹೋಗುತ್ತದೆ. ಏಕೆಂದರೆ ಅದರೊಳಗೆ ಫೆಲ್ಟ್ ಇಲ್ಲವೇ ಇಲ್ಲ. ತೆಳುವಾದ ಹತ್ತಿ ಬಟ್ಟೆಗೆ ಅರಗು ಕುಡಿಸಿ, ಪದರದ ಮೇಲೆ ಪದರ ಕೂರಿಸಿ ಮಾಡಿದ ಗಟ್ಟಿ ಚಿಪ್ಪು ಒಳಗಿದೆ. ಅದರ ಮೇಲೆ ಅರಗಿನಿಂದಲೇ ಅಂಟಿಸಿದ, ಉದ್ದ ರೇಷ್ಮೆ ಎಳೆಗಳ ಪ್ಲಶ್ ಬಟ್ಟೆ ಇದೆ. ಇವೆರಡನ್ನು ನೆನಪಿನಲ್ಲಿಟ್ಟುಕೊಂಡರೆ ಟಾಪ್ ಹ್ಯಾಟ್ ಏಕೆ ಆ ಆಕಾರದಲ್ಲಿದೆ, ಹೇಗೆ ಕೊಳ್ಳಬೇಕು, ಹೇಗೆ ಹಿಡಿಯಬೇಕು, ಯಾವುದರಿಂದ ಕೆಡುತ್ತದೆ ಎಂಬುದೆಲ್ಲ ಒಂದರ ಹಿಂದೆ ಒಂದು ಅರ್ಥವಾಗುತ್ತಾ ಹೋಗುತ್ತದೆ.

ಮುಂದಿನದಕ್ಕೆ ಬೇಕಾಗುವ ಭಾಗಗಳ ಹೆಸರು ಇಷ್ಟೇ. ತಲೆಯ ಮೇಲೆ ಎದ್ದು ನಿಲ್ಲುವ ಕೊಳವೆಯಂಥ ಭಾಗ ಕ್ರೌನ್. ಅದರ ಚಪ್ಪಟೆ ನೆತ್ತಿ ಟಿಪ್. ಸುತ್ತಲೂ ಚಾಚಿದ ಅಂಚು ಬ್ರಿಮ್. ಕ್ರೌನ್ ಮತ್ತು ಬ್ರಿಮ್ ಸೇರುವಲ್ಲಿ ಹೊರಗಡೆ ಒಂದು ಪಟ್ಟಿ, ಒಳಗಡೆ ಹಣೆಗೆ ತಾಗುವ ಚರ್ಮದ ಬೆವರುಪಟ್ಟಿ, ಅದರ ಮೇಲೆ ರೇಷ್ಮೆ ಅಥವಾ ಸ್ಯಾಟಿನ್ ಅಸ್ತರು.

ಬೀವರಿನಿಂದ ರೇಷ್ಮೆಹುಳುವಿಗೆ

ಟಾಪ್ ಹ್ಯಾಟಿನ ಹುಟ್ಟಿನ ಬಗ್ಗೆ ಎಲ್ಲೆಡೆ ಓಡಾಡುವ ಕಥೆಯೊಂದಿದೆ. 1797ರ ಜನವರಿಯಲ್ಲಿ ಜಾನ್ ಹೆದರಿಂಗ್ಟನ್ ಎಂಬ ಲಂಡನ್ನಿನ ವ್ಯಾಪಾರಿ ಹೊಳೆಯುವ ಎತ್ತರದ ಟೋಪಿ ಹಾಕಿಕೊಂಡು ಬೀದಿಗಿಳಿದನಂತೆ. ಹೆಂಗಸರು ಮೂರ್ಛೆ ಹೋದರಂತೆ, ನಾಯಿಗಳು ಬೊಗಳಿದವಂತೆ, ಜನ ಗಾಬರಿಯಾದ ಕಾರಣಕ್ಕೆ ನ್ಯಾಯಾಲಯ ಅವನಿಗೆ ದಂಡ ಹಾಕಿತಂತೆ. ಕೇಳಲು ಸೊಗಸಾಗಿದೆ, ನಂಬಲು ಆಧಾರವಿಲ್ಲ. ಕಥೆ ಅಚ್ಚಿನಲ್ಲಿ ಹರಡಿದ್ದು ಬಹಳ ಕಾಲದ ಮೇಲೆ. ಅದಕ್ಕಿಂತ ದೊಡ್ಡ ಸಾಕ್ಷಿ ಪ್ಯಾರಿಸಿನದು: 1796ರ ಫ್ಯಾಷನ್‌ಗಾರನೊಬ್ಬನನ್ನು ತೋರಿಸುವ ಕಾರ್ಲ್ ವೆರ್ನೆಯ ಚಿತ್ರದಲ್ಲಿ ಎತ್ತರದ ಕ್ರೌನಿನ ಟೋಪಿ ಆಗಲೇ ಇದೆ. ಒಬ್ಬ ಮನುಷ್ಯ ಒಂದು ಬೆಳಿಗ್ಗೆ ಇದನ್ನು ಕಂಡುಹಿಡಿಯಲಿಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮೂರು ಮೂಲೆಯ ಟೋಪಿ ಹಿಂದೆ ಸರಿಯುತ್ತಿದ್ದಂತೆ, ದುಂಡು ಬ್ರಿಮ್ಮಿನ ಟೋಪಿಯ ಕ್ರೌನ್ ವರ್ಷದಿಂದ ವರ್ಷಕ್ಕೆ ಮೇಲೇರಿತು.

ಆಗ ಅದು ಫೆಲ್ಟೇ ಆಗಿತ್ತು, ಅದರಲ್ಲೂ ಬೀವರ್ ಎಂಬ ಅಮೆರಿಕದ ನೀರುಪ್ರಾಣಿಯ ತುಪ್ಪಳದ ಫೆಲ್ಟ್. ಬೀವರಿನ ಒಳರೋಮಗಳ ಮೇಲೆ ಸೂಕ್ಷ್ಮವಾದ ಮುಳ್ಳುಗಳಂಥ ಪೊರೆಗಳಿವೆ. ಬಿಸಿನೀರಿನಲ್ಲಿ ತಿಕ್ಕಿದಾಗ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಮಳೆಗೂ ಜಗ್ಗದ ಗಟ್ಟಿ ಫೆಲ್ಟ್ ಆಗುತ್ತವೆ. 1670ರಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪನಿ ಈ ತುಪ್ಪಳದ ವ್ಯಾಪಾರದ ಮೇಲೆಯೇ ಬೆಳೆಯಿತು. ಕೀಳು ತುಪ್ಪಳವನ್ನೂ ಫೆಲ್ಟ್ ಆಗುವಂತೆ ಮಾಡಲು ಟೋಪಿ ತಯಾರಕರು ಪಾದರಸದ ನೈಟ್ರೇಟ್ ಹಚ್ಚುತ್ತಿದ್ದರು. ಅದರ ಹೊಗೆ ಕುಡಿದ ಕೆಲಸಗಾರರಿಗೆ ಕೈ ನಡುಕ, ಹಲ್ಲು ಉದುರುವುದು, ಮನಸ್ಸಿನ ತೊಳಲಾಟ ಬರುತ್ತಿತ್ತು. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದು 1941ರಲ್ಲಿ. ಟೋಪಿಯ ಸೊಬಗಿನ ಬಗ್ಗೆ ಬರೆಯುವವರು ಈ ಲೆಕ್ಕವನ್ನು ಬಿಟ್ಟು ಬರೆಯಬಾರದು.

ರೇಷ್ಮೆ ಮುಂದೆ ಬಂದದ್ದು 1830 ಮತ್ತು 40ರ ದಶಕಗಳಲ್ಲಿ. ಬೀವರುಗಳನ್ನು ಬೇಟೆಯಾಡಿ ಬೇಟೆಯಾಡಿ ತುಪ್ಪಳ ದುಬಾರಿಯಾಗಿತ್ತು. ರೇಷ್ಮೆ ಪ್ಲಶ್ ಹೊದಿಸಿದ ಚಿಪ್ಪು ಅದಕ್ಕಿಂತ ಅಗ್ಗ, ಹಗುರ, ಮತ್ತು ಎಷ್ಟು ಒಳ್ಳೆಯ ಫೆಲ್ಟಿಗೂ ಬಾರದ ಕನ್ನಡಿಯಂಥ ಹೊಳಪು ಅದಕ್ಕಿತ್ತು. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಅದನ್ನು ಧರಿಸಿದ ಮೇಲೆ ಉಳಿದವರ ಅನುಮಾನವೂ ಹೋಯಿತು. ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಬ್ಯಾಂಕಿನವರು, ವೈದ್ಯರು, ವಕೀಲರು, ಗಾಡಿ ಹೊಡೆಯುವವರು ಎಲ್ಲರ ತಲೆಯ ಮೇಲೂ ಟಾಪ್ ಹ್ಯಾಟ್. 1829ರಲ್ಲಿ ಶುರುವಾದ ಲಂಡನ್ ಮೆಟ್ರೋಪಾಲಿಟನ್ ಪೊಲೀಸರಿಗೂ ಮೊದಲು ಕೊಟ್ಟದ್ದು ಒಳಗೆ ಬಲಪಡಿಸಿದ ಟಾಪ್ ಹ್ಯಾಟನ್ನೇ. ಹೆಲ್ಮೆಟ್ ಬಂದದ್ದು 1860ರ ದಶಕದಲ್ಲಿ. ಇದು ಶ್ರೀಮಂತರ ಟೋಪಿ ಎಂಬ ಇಂದಿನ ಕಲ್ಪನೆ ಇತಿಹಾಸದ ಕೊನೆಯ ತುಣುಕನ್ನು ಮಾತ್ರ ನೋಡಿ ಕಟ್ಟಿಕೊಂಡದ್ದು.

ಆಮೇಲೆ ದಿನಬಳಕೆಯ ಜಾಗವನ್ನು ಬೇರೆ ಟೋಪಿಗಳು ತೆಗೆದುಕೊಂಡವು. 1849ರಲ್ಲಿ ಲಂಡನ್ನಿನ ಲಾಕ್ ಎಂಬ ಟೋಪಿ ಅಂಗಡಿಗೆ ಬಂದ ಬೇಡಿಕೆಯಿಂದ ದುಂಡು ನೆತ್ತಿಯ ಗಟ್ಟಿ ಟೋಪಿ ಬೌಲರ್ ಹುಟ್ಟಿತು. ಕುದುರೆಯ ಮೇಲೆ ಓಡಾಡುವ ಕಾವಲುಗಾರರ ಟಾಪ್ ಹ್ಯಾಟ್ ಕೊಂಬೆಗಳಿಗೆ ಸಿಕ್ಕಿ ಬೀಳುತ್ತಿತ್ತು ಎಂಬುದೇ ಅದಕ್ಕೆ ಕಾರಣ. ಶತಮಾನದ ಕೊನೆಯಲ್ಲಿ, ಮುಂದೆ ಏಳನೇ ಎಡ್ವರ್ಡ್ ಆದ ಯುವರಾಜ ಜರ್ಮನಿಯ ಬಾಡ್ ಹೊಂಬುರ್ಗ್‌ನಿಂದ ಮಧ್ಯೆ ಮಡಿಕೆಯಿರುವ ಹೊಂಬರ್ಗ್ ಟೋಪಿಯನ್ನು ತಂದ. ಟಾಪ್ ಹ್ಯಾಟ್ ಸಮಾರಂಭಕ್ಕೆ ಸೀಮಿತವಾಯಿತು, ಅಲ್ಲಿ ಮಾತ್ರ ಬಹಳ ಕಾಲ ನಿಂತಿತು. 1945ರ ಸೆಪ್ಟೆಂಬರ್ 2ರಂದು ಮಿಸೌರಿ ಯುದ್ಧನೌಕೆಯ ಮೇಲೆ ಶರಣಾಗತಿ ಪತ್ರಕ್ಕೆ ಸಹಿ ಹಾಕಲು ಬಂದ ಜಪಾನಿನ ವಿದೇಶಾಂಗ ಸಚಿವ ಶಿಗೆಮಿತ್ಸು ಧರಿಸಿದ್ದು ಟಾಪ್ ಹ್ಯಾಟ್ ಮತ್ತು ಮಾರ್ನಿಂಗ್ ಕೋಟ್, ಅಂದರೆ ಹಿಂದೆ ಉದ್ದ ಬಾಲವಿರುವ ಹಗಲಿನ ಸಮಾರಂಭದ ಕೋಟ್. ಅಮೆರಿಕದ ಅಧ್ಯಕ್ಷ ಪದಗ್ರಹಣದಲ್ಲಿ ಐಸೆನ್‌ಹೋವರ್ 1953ರಲ್ಲಿ ಹೊಂಬರ್ಗ್ ಹಾಕಿ ಪದ್ಧತಿ ಮುರಿದರು, 1961ರಲ್ಲಿ ಕೆನಡಿ ಮತ್ತೆ ಟಾಪ್ ಹ್ಯಾಟ್ ತಂದರು, 1965ರಲ್ಲಿ ಜಾನ್ಸನ್ ಬಿಟ್ಟರು. ಅಲ್ಲಿಗೆ ಆ ಪದ್ಧತಿ ಮುಗಿಯಿತು.

ಚಿಪ್ಪು ಕಟ್ಟುವ ಬಗೆ

ಈ ಟೋಪಿಯಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸುವುದು ಕಾಣದ ಭಾಗ. ತೆಳು ಮಸ್ಲಿನ್ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕಟ್ಟಿ, ಅದಕ್ಕೆ ಅರಗಿನ ದ್ರಾವಣ ಕುಡಿಸಿ, ಚೆನ್ನಾಗಿ ಒಣಗಲು ಬಿಡುತ್ತಾರೆ. ಹೀಗೆ ಹದವಾದ ಬಟ್ಟೆಗೆ ಗಾಸ್ ಎಂದು ಹೆಸರು. ತಣ್ಣಗಿದ್ದಾಗ ಅದು ಹಲಗೆಯಂತೆ ನಿಲ್ಲುತ್ತದೆ, ಬಿಸಿ ತಾಗಿದರೆ ಬಾಗುತ್ತದೆ, ಎರಡು ಪದರ ಬಿಸಿಯಲ್ಲಿ ಕೂಡಿದರೆ ಒಂದಾಗಿ ಅಂಟಿಕೊಳ್ಳುತ್ತದೆ. ಇಡೀ ಕಸುಬು ನಿಂತಿರುವುದು ಈ ಮೂರು ಗುಣಗಳ ಮೇಲೆ.

ಅಚ್ಚು ಮರದ್ದು, ಅದೂ ಐದು ತುಂಡುಗಳದ್ದು. ಟಾಪ್ ಹ್ಯಾಟಿನ ಕ್ರೌನ್ ನಡುವಿನಲ್ಲಿ ಸಣ್ಣಗಾಗಿ ಮೇಲೆ ಅಗಲವಾಗುವುದರಿಂದ ಒಂದೇ ತುಂಡಿನ ಅಚ್ಚನ್ನು ಒಳಗೆ ಹಾಕಿದರೆ ಹೊರಗೆ ತೆಗೆಯಲಾಗದು. ಹಾಗಾಗಿ ನಡುವಿನ ತುಂಡನ್ನು ಮೊದಲು ಎಳೆದು, ಉಳಿದವನ್ನು ಒಳಕ್ಕೆ ಬೀಳಿಸಿ ಒಂದೊಂದಾಗಿ ತೆಗೆಯುತ್ತಾರೆ. ಈ ಅಚ್ಚಿನ ಸುತ್ತ ಗಾಸ್ ಸುತ್ತಿ ಇಸ್ತ್ರಿ ಒತ್ತಿ, ನೆತ್ತಿಗೆ ದುಂಡನೆಯ ತುಂಡು ಕೂರಿಸಿ, ಮತ್ತೊಂದು ಪದರ ಸುತ್ತುತ್ತಾರೆ. ಬ್ರಿಮ್ಮಿಗೆ ಇನ್ನಷ್ಟು ಪದರ ಬೇಕು. ಕೈ ತಾಗುವುದೂ, ಸುರುಳಿಯನ್ನು ಹಿಡಿದು ನಿಲ್ಲಿಸಬೇಕಾದದ್ದೂ ಅದೇ. ಚಿಪ್ಪು ಸಿದ್ಧವಾದ ಮೇಲೆ ಹೊರಮೈಗೆ ಅರಗಿನ ವಾರ್ನಿಷ್ ಹಚ್ಚಿ ಒಣಗಿಸುತ್ತಾರೆ.

ಈಗ ಪ್ಲಶ್. ಇದು ಹತ್ತಿಯ ಬುಡದ ಮೇಲೆ ರೇಷ್ಮೆಯ ಉದ್ದ ಎಳೆಗಳು ನಿಂತಿರುವ ಬಟ್ಟೆ. ವೆಲ್ವೆಟ್‌ನಲ್ಲಿ ಎಳೆಗಳು ಗಿಡ್ಡವಾಗಿ ನೆಟ್ಟಗೆ ನಿಲ್ಲುತ್ತವೆ, ಇಲ್ಲಿ ಉದ್ದವಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಟಿಪ್ಪಿನ ದುಂಡು ತುಂಡನ್ನು ಪಕ್ಕದ ತುಂಡಿಗೆ ಕೈಯಿಂದ ಹೊಲಿದು, ಪಕ್ಕವನ್ನು ಓರೆಯಾಗಿ ತೆರೆದೇ ಬಿಟ್ಟು, ಚಿಪ್ಪಿನ ಮೇಲೆ ತೊಡಿಸುತ್ತಾರೆ. ಒದ್ದೆ ಮಾಡಿ ಬಿಸಿ ಇಸ್ತ್ರಿ ಎಳೆದಾಗ ಕಾವು ಪ್ಲಶ್ ಮೂಲಕ ಒಳಗಿಳಿದು ವಾರ್ನಿಷ್ ಕರಗಿಸುತ್ತದೆ, ಬಟ್ಟೆ ಅಂಟುತ್ತದೆ. ಕಾವು ಕಡಿಮೆಯಾದರೆ ಗುಳ್ಳೆ ಉಳಿಯುತ್ತದೆ. ಹೆಚ್ಚಾದರೆ ಅರಗು ಎಳೆಗಳ ನಡುವೆ ಉಕ್ಕಿ ಬಂದು ಗಟ್ಟಿಯಾಗಿ, ಆ ಜಾಗ ಎಂದೆಂದಿಗೂ ಹೊಳೆಯುವುದಿಲ್ಲ. ಪಕ್ಕದ ಓರೆ ಅಂಚುಗಳು ಒಂದರ ಮೇಲೊಂದು ಏರದೆ ಮುಖಾಮುಖಿ ಕೂಡಬೇಕು. ಅಲ್ಲಿ ಹೊಲಿಗೆ ಇಲ್ಲ. ಎಳೆಗಳನ್ನು ಸಂದಿನ ಮೇಲೆ ಬಾಚಿ ಇಸ್ತ್ರಿ ಮಾಡಿದರೆ ಸಂದು ಮಾಯವಾಗುತ್ತದೆ. ಒಳ್ಳೆಯ ಕೆಲಸಗಾರ ಮಾಡಿದ ಸಂದನ್ನು ಹುಡುಕಲು ಟೋಪಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಬೇಕಾಗುತ್ತದೆ.

ಬ್ರಿಮ್ಮಿನ ಮೇಲ್ಭಾಗಕ್ಕೂ ಪ್ಲಶ್, ಕೆಳಭಾಗಕ್ಕೆ ಸಾಮಾನ್ಯವಾಗಿ ಮೆರಿನೋ ಉಣ್ಣೆಯ ಬಟ್ಟೆ, ಅಂಚಿಗೆ ಗ್ರೋಗ್ರೇನ್ ಎಂಬ ಏಣುಗೆರೆಗಳ ಬಟ್ಟೆಯ ಪಟ್ಟಿ. ಕೊನೆಯಲ್ಲಿ ಬ್ರಿಮ್ಮನ್ನು ಬಿಸಿ ಮಾಡಿ ಎರಡು ಪಕ್ಕ ಮೇಲಕ್ಕೆ ಸುರುಳಿ, ಮುಂದೆ ಹಿಂದೆ ಕೆಳಕ್ಕೆ ಇಳಿಜಾರು ಬರುವಂತೆ ಕೈಯಲ್ಲೇ ತಿದ್ದುತ್ತಾರೆ. ಆಳವಾದ ಸುರುಳಿಗೆ ಹತ್ತೊಂಬತ್ತನೇ ಶತಮಾನದ ಸೊಗಸುಗಾರ ಕೌಂಟ್ ಡೊರ್ಸೆಯ ಹೆಸರಿದೆ. ಯಂತ್ರದಿಂದ ಒತ್ತಿದ ಬ್ರಿಮ್ ಎಷ್ಟು ಸಮನಾಗಿದ್ದರೂ ಈ ಕೈತಿರುವಿನ ಜೀವಂತಿಕೆ ಅದಕ್ಕೆ ಬರುವುದಿಲ್ಲ. ಒಂದು ಟಾಪ್ ಹ್ಯಾಟಿನ ಗುಣಮಟ್ಟ ನೋಡಬೇಕಾದರೆ ನಾನು ಮೊದಲು ನೋಡಲು ಹೇಳುವುದು ಬ್ರಿಮ್ಮನ್ನೇ, ಹೊಳಪನ್ನಲ್ಲ.

ಈ ಪ್ಲಶ್ ಈಗ ಯಾರೂ ನೇಯುವುದಿಲ್ಲ. ಫ್ರಾನ್ಸಿನಲ್ಲಿ ಅದನ್ನು ನೇಯುತ್ತಿದ್ದ ಮಗ್ಗಗಳು ನಿಂತು ದಶಕಗಳಾದವು. ಆದ್ದರಿಂದ ಇಂದು ಸಿಗುವ ನಿಜವಾದ ರೇಷ್ಮೆ ಟಾಪ್ ಹ್ಯಾಟುಗಳೆಲ್ಲ ಹಳೆಯವು, ಹೆಚ್ಚೆಂದರೆ ಹಳೆಯದನ್ನು ಹೊಸದಾಗಿ ಸಜ್ಜುಗೊಳಿಸಿದವು. ಹೊಸ ಟಾಪ್ ಹ್ಯಾಟುಗಳು ತುಪ್ಪಳದ ಫೆಲ್ಟಿನಲ್ಲಿ ಬರುತ್ತವೆ. ಅವುಗಳಲ್ಲಿ ಉದ್ದ ರೋಮ ಉಳಿಸಿ ನಯಗೊಳಿಸಿದ ಮೆಲುಸಿನ್ ಎಂಬ ಬಗೆ ರೇಷ್ಮೆಗೆ ಅತಿ ಹತ್ತಿರದ್ದು. ಅಗ್ಗದವು ಕುರಿ ಉಣ್ಣೆಯ ಫೆಲ್ಟ್. ಅವು ಒಂದೆರಡು ಮಳೆಯಲ್ಲಿ ಸೊರಗಿಹೋಗುತ್ತವೆ.

ಆಕಾರಗಳು

ಎಲ್ಲ ಟಾಪ್ ಹ್ಯಾಟೂ ಒಂದೇ ಅಲ್ಲ. 1820-30ರ ದಶಕದವು ಮೇಲೆ ಗಂಟೆಯಂತೆ ಅರಳುತ್ತಿದ್ದವು. ಶತಮಾನದ ನಡುವೆ ಗೆರೆ ಎಳೆದಂತೆ ನೆಟ್ಟಗಿನ, ಅತಿ ಎತ್ತರದ ಸ್ಟೋವ್‌ಪೈಪ್ ಬಂತು. ಲಿಂಕನ್ 1865ರ ಏಪ್ರಿಲ್ 14ರಂದು ಫೋರ್ಡ್ಸ್ ರಂಗಮಂದಿರಕ್ಕೆ ಹಾಕಿಕೊಂಡು ಹೋದ ಹ್ಯಾಟ್ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅದರ ಅಳತೆ 7⅛. ತೀರಿಕೊಂಡ ಮಗ ವಿಲ್ಲಿಯ ನೆನಪಿಗೆ ಸುತ್ತಿಸಿದ ಶೋಕದ ಕಪ್ಪು ಪಟ್ಟಿ ಇಂದಿಗೂ ಅದರ ಮೇಲಿದೆ. ಶತಮಾನ ಮುಗಿಯುವ ಹೊತ್ತಿಗೆ ಎತ್ತರ ಇಳಿದು, ನಡು ಸಣ್ಣಗಾಗಿ, ಬ್ರಿಮ್ಮಿನ ಸುರುಳಿ ಆಳವಾಯಿತು. ಇಂದು ಸಮಾರಂಭಗಳಲ್ಲಿ ಸರಿಯಾಗಿ ಕಾಣುವುದು ಇದೇ ರೂಪ: ಕ್ರೌನ್ ಸುಮಾರು 13ರಿಂದ 14 ಸೆಂ.ಮೀ., ಬ್ರಿಮ್ ಸುಮಾರು 5 ಸೆಂ.ಮೀ. ಅದಕ್ಕಿಂತ ಎತ್ತರದ್ದು ನಾಟಕದ ವೇಷದಂತೆ ಕಾಣುತ್ತದೆ. ಮುಖ ಉದ್ದವಾಗಿರುವವರು 13ಕ್ಕಿಂತ ಮೇಲೆ ಹೋಗದಿರುವುದು ಮೇಲು. ಅಗಲ ಮುಖದವರು ನೆತ್ತಿ ತೀರ ಕಿರಿದಾದದ್ದನ್ನು ಬಿಡಬೇಕು. ನೆತ್ತಿ ಕೆನ್ನೆಗಿಂತ ಕಿರಿದಾದರೆ ಮುಖ ಇನ್ನೂ ಅಗಲವಾಗಿ ಕಾಣುತ್ತದೆ.

ಮಡಚುವ ಟಾಪ್ ಹ್ಯಾಟ್ ಬೇರೆಯೇ ಜಾತಿ. ರಂಗಮಂದಿರದಲ್ಲಿ ಇಷ್ಟು ದೊಡ್ಡ ಟೋಪಿ ಎಲ್ಲಿಡುವುದು ಎಂಬ ಕಷ್ಟಕ್ಕೆ ಪ್ಯಾರಿಸಿನ ಆಂತ್ವಾನ್ ಗಿಬ್ಯುಸ್ ಉಕ್ಕಿನ ಸ್ಪ್ರಿಂಗ್ ಹಾಕಿ ಉತ್ತರ ಕಂಡುಕೊಂಡ. 1840ರ ದಶಕದ ಹೊತ್ತಿಗೆ ಅದು ಎಷ್ಟು ಜನಪ್ರಿಯವಾಯಿತೆಂದರೆ ಟೋಪಿಗೇ ಗಿಬ್ಯುಸ್ ಎಂಬ ಹೆಸರು ನಿಂತಿತು. ಅದರಲ್ಲಿ ಚಿಪ್ಪಿಲ್ಲ, ಪ್ಲಶ್ ಇಲ್ಲ. ಕಬ್ಬಿಣದ ಕೀಲುಗಳ ಮೇಲೆ ಸ್ಯಾಟಿನ್ ಅಥವಾ ಮಂಕು ಗ್ರೋಗ್ರೇನ್ ಬಟ್ಟೆ. ಅದು ಸಂಜೆಯ ಉಡುಪಿಗೆ ಮಾತ್ರ. ತೆರೆಯುವಾಗ ನೆತ್ತಿಗೆ ಒಳಗಿನಿಂದ ಗುದ್ದಬೇಡಿ, ಟಿಪ್ಪಿನ ಹೊಲಿಗೆ ಬಿಚ್ಚುತ್ತದೆ. ಬ್ರಿಮ್ ಹಿಡಿದು ಮಣಿಕಟ್ಟನ್ನು ಚುರುಕಾಗಿ ಕೊಡವಿದರೆ ಸಾಕು. ಇಡುವಾಗ ತೆರೆದೇ ಇಡಿ. ಮಡಚಿಟ್ಟ ಬಟ್ಟೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಮತ ಎಣಿಕೆಯ ನಡುವೆ ಕ್ರಿಯಾಲೋಪ ಎತ್ತುವ ಸದಸ್ಯರು ಕೂತು, ತಲೆಗೆ ಟೋಪಿ ಹಾಕಿಕೊಂಡೇ ಮಾತಾಡಬೇಕಿತ್ತು. ಅದಕ್ಕಾಗಿ ಸಭೆಯಲ್ಲಿ ಇಂಥ ಮಡಚು ಹ್ಯಾಟ್ ಇಟ್ಟಿರುತ್ತಿದ್ದರು. ಆ ನಿಯಮ ಹೋದದ್ದು 1998ರಲ್ಲಿ.

ಹಳೆಯದನ್ನು ಕೊಳ್ಳುವಾಗ

ರೇಷ್ಮೆಯೋ ಫೆಲ್ಟೋ ಎಂದು ಗುರುತಿಸಲು ಸಂದು ಹುಡುಕಿ. ಪಕ್ಕದಲ್ಲಿ ಓರೆ ಸಂದು ಮತ್ತು ನೆತ್ತಿಯ ಅಂಚಿನಲ್ಲಿ ಸುತ್ತಲೂ ಹೊಲಿಗೆ ಕಂಡರೆ ರೇಷ್ಮೆ. ಫೆಲ್ಟಿಗೆ ಸಂದೇ ಇರುವುದಿಲ್ಲ. ಆಮೇಲೆ ನೆತ್ತಿಯ ಅಂಚನ್ನೇ ಬೆರಳಿನಿಂದ ಸುತ್ತ ಸವರಿ. ಎಲ್ಲಕ್ಕಿಂತ ಮೊದಲು ಎಳೆ ಸವೆದು ಬೋಳಾಗುವುದು ಅಲ್ಲಿ, ಚಿಪ್ಪು ಮುರಿಯುವುದೂ ಅಲ್ಲಿಯೇ. ಎಳೆ ಸವೆದಿದ್ದರೆ ಕಪ್ಪು ಬಣ್ಣ ಹಚ್ಚಿ ಮರೆಮಾಡಬಹುದು, ಎಳೆ ಮತ್ತೆ ಹುಟ್ಟುವುದಿಲ್ಲ. ಕ್ರೌನಿನ ಪಕ್ಕವನ್ನು ಹೆಬ್ಬೆರಳಿನಿಂದ ಅತಿ ಹಗುರವಾಗಿ ಒತ್ತಿದಾಗ ಕಟಕಟ ಸದ್ದಾದರೆ ಒಳಗೆ ಬಿರುಕಿದೆ. ಎಳೆಯ ಕೆಳಗೆ ಬಟ್ಟೆ ಚಿಪ್ಪಿನಿಂದ ಬಿಟ್ಟುಕೊಂಡು ಜಾರಿದರೆ ಅಂಟು ಸತ್ತಿದೆ. ಇದನ್ನು ನುರಿತವರು ಇಸ್ತ್ರಿಯಿಂದ ಸರಿಪಡಿಸಬಲ್ಲರು. ಬಿರುಕನ್ನು ಒಳಗಿನಿಂದ ಹೊಸ ಗಾಸ್ ಅಂಟಿಸಿ ನಿಲ್ಲಿಸಬಹುದು. ಬೆವರುಪಟ್ಟಿ ಪುಡಿಯಾಗಿದ್ದರೆ ಹೆದರಬೇಕಿಲ್ಲ, ಹೊಸದು ಹೊಲಿಯಬಹುದು. ಪತಂಗ ತಿಂದ ಬ್ರಿಮ್ಮಿನ ಕೆಳಬಟ್ಟೆಯನ್ನು ಬದಲಿಸುವುದೂ ಸಾಧ್ಯ. ಬೋಳು ಪ್ಲಶ್ ಮತ್ತು ಚಪ್ಪಟೆಯಾದ ಬ್ರಿಮ್ ಎರಡೂ ಒಂದೇ ಟೋಪಿಯಲ್ಲಿದ್ದರೆ ಮಾತ್ರ ಬೆಲೆ ಎಷ್ಟು ಕಡಿಮೆಯಾದರೂ ಬಿಟ್ಟುಬಿಡಿ.

ಅಳತೆಯ ವಿಷಯದಲ್ಲಿ ಅವಸರ ಬೇಡ. ಉಳಿದುಬಂದ ಹಳೆಯ ಹ್ಯಾಟುಗಳಲ್ಲಿ ಹೆಚ್ಚಿನವು ಇಂದಿನ ತಲೆಗಳಿಗೆ ಚಿಕ್ಕವು, ದೊಡ್ಡ ಅಳತೆಯವಕ್ಕೆ ಅದಕ್ಕೇ ಹೆಚ್ಚು ಬೆಲೆ. ಟೇಪನ್ನು ಹಣೆಯ ನಡುವೆ, ಕಿವಿಯಿಂದ ಒಂದು ಸೆಂ.ಮೀ. ಮೇಲೆ ಸುತ್ತಿ ತಲೆಯ ಸುತ್ತಳತೆ ತೆಗೆಯಿರಿ. 57 ಸೆಂ.ಮೀ. ಇದ್ದರೆ ಬ್ರಿಟಿಷ್ ಅಳತೆಯಲ್ಲಿ 7, ಅಮೆರಿಕನ್ ಅಳತೆಯಲ್ಲಿ 7⅛. ಈ ⅛ರ ವ್ಯತ್ಯಾಸ ಎಲ್ಲ ಅಳತೆಗಳಿಗೂ ಇದ್ದೇ ಇರುತ್ತದೆ. ಒಳಗಿನ ಚೀಟಿಯನ್ನು ನಂಬುವುದಕ್ಕಿಂತ ಬೆವರುಪಟ್ಟಿಯ ಒಳಗಿನ ಉದ್ದ ಮತ್ತು ಅಗಲ ಕೇಳಿ. ಎರಡನ್ನೂ ಕೂಡಿ, ಅರ್ಧ ಮಾಡಿ, 3.14ರಿಂದ ಗುಣಿಸಿ. 20 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲವಿದ್ದರೆ 56.5 ಬರುತ್ತದೆ, ಅಂದರೆ 57ರ ತಲೆಗೆ ಕೊಂಚ ಬಿಗಿ.

ಸುತ್ತಳತೆ ಸರಿಯಿದ್ದೂ ಟೋಪಿ ಕೂರದಿರುವುದು ಸಾಮಾನ್ಯ. ಫೆಲ್ಟ್ ತಲೆಗೆ ತಕ್ಕಂತೆ ಒಗ್ಗುತ್ತದೆ, ಅರಗಿನ ಚಿಪ್ಪು ಒಗ್ಗುವುದಿಲ್ಲ. ಹಣೆ ಮತ್ತು ಹಿಂದಲೆ ಒತ್ತಿ, ಕಿವಿಗಳ ಮೇಲೆ ಸಂದು ಉಳಿದರೆ ನಿಮ್ಮ ತಲೆ ಟೋಪಿಗಿಂತ ಉದ್ದ. ಕಪಾಲದ ಪಕ್ಕಗಳು ಒತ್ತಿ, ಮುಂದೆ ಹಿಂದೆ ಸಂದಿದ್ದರೆ ತಲೆ ದುಂಡು. ಇದಕ್ಕೇ 1840ರ ದಶಕದಲ್ಲಿ ಪ್ಯಾರಿಸಿನ ಅಲ್ಲಿಯೆ-ಮಾಯಾರ್ ಕನ್‌ಫರ್ಮೇಟರ್ ಎಂಬ ಯಂತ್ರ ಮಾಡಿದ. ತಲೆಯ ಮೇಲಿಟ್ಟರೆ ಸುತ್ತಲಿನ ಕಡ್ಡಿಗಳು ತಲೆಯ ಉಬ್ಬುತಗ್ಗಿಗೆ ಸರಿಯಾಗಿ ಸರಿದು, ಮೇಲಿನ ಕಾಗದದ ಮೇಲೆ ಅದೇ ಆಕಾರವನ್ನು ಚಿಕ್ಕದಾಗಿ ಚುಚ್ಚಿ ತೋರಿಸುತ್ತವೆ. ಟೋಪಿಗಾರ ಆ ಕಾಗದಕ್ಕೆ ತಕ್ಕಂತೆ ಒಂದು ಹೊಂದಿಸುವ ಅಚ್ಚನ್ನು ಸಜ್ಜುಮಾಡಿ, ಹ್ಯಾಟಿನ ಬುಡವನ್ನು ಬಿಸಿ ಮಾಡಿ ಅರಗು ಮೆತ್ತಗಾದಾಗ ಅಚ್ಚನ್ನು ಒಳಗೆ ಕೂರಿಸಿ ಆರಲು ಬಿಡುತ್ತಾನೆ. ಹಳೆಯ ಟೋಪಿ ಅಂಗಡಿಗಳು ಗಿರಾಕಿಗಳ ಈ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತವೆ. ನನ್ನ ಮಟ್ಟಿಗೆ ಟೋಪಿ ಕಸುಬಿನ ಅತ್ಯಂತ ಜಾಣ ಉಪಕರಣ ಇದೇ.

ಬಿಗಿಯಾದ ರೇಷ್ಮೆ ಹ್ಯಾಟನ್ನು ಮನೆಯಲ್ಲಿ ಹಿಗ್ಗಿಸಲು ಹೋಗಬೇಡಿ. ಮರದ ಹಿಗ್ಗಿಸುವ ತಿರುಪು ಹಾಕಿ ತಣ್ಣಗೇ ತಿರುಗಿಸಿದರೆ ಚಿಪ್ಪು ಹಣೆಯ ನೇರಕ್ಕೆ ಲಂಬವಾಗಿ ಸೀಳುತ್ತದೆ. ಸಡಿಲವಾದದ್ದನ್ನು ಸರಿಪಡಿಸುವುದು ಸುಲಭ. ಬೆವರುಪಟ್ಟಿಯ ಹಿಂದೆ 1.5 ಮಿ.ಮೀ. ದಪ್ಪದ ಫೆಲ್ಟ್ ಪಟ್ಟಿಯನ್ನು ಸುತ್ತಲೂ ಇಟ್ಟರೆ ಒಳಸುತ್ತಳತೆ ಸುಮಾರು ಒಂದು ಸೆಂ.ಮೀ. ಕಡಿಮೆಯಾಗುತ್ತದೆ. ಉದ್ದ ತಲೆಯವರು ಪಕ್ಕಗಳಲ್ಲಿ ಮಾತ್ರ, ದುಂಡು ತಲೆಯವರು ಮುಂದೆ ಹಿಂದೆ ಮಾತ್ರ ಇಡಬೇಕು. ಅಂಟು ಹಾಕಬೇಡಿ, ಪಟ್ಟಿಯ ಒತ್ತಡವೇ ಹಿಡಿದುಕೊಳ್ಳುತ್ತದೆ.

ಧರಿಸುವುದು, ಕೈಯಲ್ಲಿ ಹಿಡಿಯುವುದು

ಕಪ್ಪು ರೇಷ್ಮೆ ಹಗಲಲ್ಲಿ ಮಾರ್ನಿಂಗ್ ಕೋಟಿಗೆ, ರಾತ್ರಿ ಬಿಳಿ ಬೋ ಟೈ ಕಟ್ಟಿದ ಟೇಲ್‌ಕೋಟಿಗೆ. ಡಿನ್ನರ್ ಜಾಕೆಟ್ಟಿಗೆ ಅಲ್ಲ, ಸಾಮಾನ್ಯ ಸೂಟಿಗೆ ಖಂಡಿತ ಅಲ್ಲ. ಬೂದು ಬಣ್ಣದ ಹ್ಯಾಟ್ ಹಗಲಿಗೆ ಮಾತ್ರ, ಮದುವೆ ಮತ್ತು ಕುದುರೆ ಪಂದ್ಯಕ್ಕೆ, ಶವಸಂಸ್ಕಾರಕ್ಕೆ ಕಪ್ಪೇ. ಇಂಗ್ಲೆಂಡಿನ ರಾಯಲ್ ಆಸ್ಕಟ್ ಕುದುರೆ ಪಂದ್ಯದಲ್ಲಿ ರಾಯಲ್ ಎನ್‌ಕ್ಲೋಶರ್ ಎಂಬ ವಿಶೇಷ ಆವರಣದೊಳಗೆ ಗಂಡಸರಿಗೆ ಕಪ್ಪು ಅಥವಾ ಬೂದು ಟಾಪ್ ಹ್ಯಾಟ್ ಇಂದಿಗೂ ಕಡ್ಡಾಯ, ಅದಕ್ಕೆ ಬೇರೆ ಬಣ್ಣದ ರಿಬ್ಬನ್ ಸುತ್ತುವಂತಿಲ್ಲ. ಡ್ರೆಸಾಜ್ ಎಂಬ, ಕುದುರೆಯ ನಡೆಯನ್ನು ತಿದ್ದಿ ತೋರಿಸುವ ಸವಾರಿ ಸ್ಪರ್ಧೆಯಲ್ಲಿ ಮಾತ್ರ ಕಾಲ ಬದಲಾಗಿದೆ. ಕುದುರೆ ಸವಾರಿಯ ಅಂತಾರಾಷ್ಟ್ರೀಯ ಒಕ್ಕೂಟ 2021ರಿಂದ ಹೆಲ್ಮೆಟ್ ಕಡ್ಡಾಯ ಮಾಡಿತು. ತಲೆ ಉಳಿಸುವ ನಿಯಮಕ್ಕೆ ಸೊಬಗು ದಾರಿ ಬಿಡಲೇಬೇಕು, ಅದು ಸರಿಯಾದ ತೀರ್ಮಾನ.

ಹ್ಯಾಟ್ ಹುಬ್ಬಿನಿಂದ ಒಂದೆರಡು ಬೆರಳು ಮೇಲೆ, ನೇರವಾಗಿ ಅಥವಾ ಕೂದಲೆಳೆಯಷ್ಟು ಮುಂದಕ್ಕೆ ಬಾಗಿ ಕೂರಬೇಕು. ಹಿಂದಕ್ಕೆ ಸರಿಸಿ ಹಾಕಿದರೆ ಬ್ರಿಮ್ಮಿನ ಮುಂದಿನ ಇಳಿಜಾರು ಆಕಾಶ ನೋಡುತ್ತದೆ, ಆ ತಿರುವಿಗೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕಿವಿಯ ಮೇಲೆ ಕೂತರೆ ಅದು ದೊಡ್ಡದಾಯಿತು. ತೆಗೆಯುವಾಗ ಕ್ರೌನನ್ನು ಹಿಡಿಯಬಾರದು. ಬೆರಳಿನ ಜಿಡ್ಡು ಎಳೆಗಳನ್ನು ಅಂಟಿಸುತ್ತದೆ, ಚಿಟಿಕೆ ಹಿಡಿದ ಜಾಗದಲ್ಲಿ ಚಿಪ್ಪು ಬಿರಿಯುತ್ತದೆ. ಬ್ರಿಮ್ಮನ್ನೇ ಹಿಡಿಯಿರಿ, ಅದರಲ್ಲೂ ಮುಂದೆ ಮತ್ತು ಹಿಂದೆ. ಪಕ್ಕಗಳನ್ನು ಹಿಡಿದು ಹಿಡಿದು ಸುರುಳಿ ತೆರೆದುಹೋಗುತ್ತದೆ. ಕೈಯಲ್ಲಿ ಒಯ್ಯುವಾಗ ಅಸ್ತರು ಮೈಕಡೆ ತಿರುಗಿರಬೇಕು. ಮೇಜಿನ ಮೇಲಿಡುವಾಗ ತಲೆಕೆಳಗಾಗಿ, ನೆತ್ತಿಯ ಮೇಲೆ ನಿಲ್ಲಿಸಿ. ಬ್ರಿಮ್ಮಿನ ಮೇಲೆ ಕೂರಿಸಿದರೆ ಮುಂದಿನ ಹಿಂದಿನ ಇಳಿಜಾರು ದಿನಕ್ಕಿಷ್ಟು ಚಪ್ಪಟೆಯಾಗುತ್ತದೆ.

ಹೊಳಪು ಕಾಯುವುದು

ಎಳೆಗಳು ಮಲಗಿರುವ ದಿಕ್ಕನ್ನು ಮೊದಲು ಬೆರಳಿನಿಂದ ಕಂಡುಕೊಳ್ಳಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ತಡೆ ಇರುತ್ತದೆ. ಪಕ್ಕದ ಸಂದಿನಿಂದ ಶುರುಮಾಡಿ ನಯವಾದ ದಿಕ್ಕಿಗೇ ಇಡೀ ಕ್ರೌನ್ ಸುತ್ತಿ ಬನ್ನಿ, ಟಿಪ್ಪನ್ನೂ ವೃತ್ತಾಕಾರದಲ್ಲಿ ಅದೇ ರೀತಿ. ಮೊದಲು ಮೃದು ಕೂದಲಿನ ಬ್ರಷ್, ಆಮೇಲೆ ವೆಲ್ವೆಟ್ ಮೆತ್ತೆ. ವೆಲ್ವೆಟ್ಟಿನ ಗಿಡ್ಡ ಎಳೆಗಳು ಧೂಳನ್ನು ಹಿಡಿದು, ಪ್ಲಶ್ಶಿನ ಎಳೆಗಳನ್ನು ಒಟ್ಟಿಗೆ ಮಲಗಿಸುತ್ತವೆ. ಒಮ್ಮೆ ಹಿಂದಕ್ಕೆ ಉಜ್ಜಿದರೂ ಆ ಪಟ್ಟೆ ಮಂಕಾಗಿ ದೂರದಿಂದಲೇ ಕಾಣುತ್ತದೆ.

ಮಳೆಗೆ ಸಿಕ್ಕರೆ ಗಾಬರಿ ಬೇಡ. ನೀರು ಎಳೆಗಳನ್ನು ಎಬ್ಬಿಸುತ್ತದೆ, ಅಷ್ಟೆ. ಹನಿಗಳನ್ನು ಕೊಡವಿ, ರೇಷ್ಮೆ ಕರವಸ್ತ್ರದಿಂದ ಎಳೆಯ ದಿಕ್ಕಿನಲ್ಲಿ ಒರೆಸಿ, ನೆರಳಿನಲ್ಲಿ ತಾನಾಗಿ ಒಣಗಲು ಬಿಡಿ, ಪೂರ್ತಿ ಒಣಗಿದ ಮೇಲೆ ಬ್ರಷ್ ಮಾಡಿ. ಹೇರ್ ಡ್ರೈಯರ್, ಹೀಟರ್, ಬಿಸಿಲು ಯಾವುದೂ ಬೇಡ. ಅರಗು ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತದೆ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಕಪ್ಪು ಟೋಪಿ ಅದರ ಹತ್ತಿರಕ್ಕೆ ಹೋಗಬಲ್ಲದು. ಹೊರಗೆ ಬಂದಾಗ ಕ್ರೌನ್ ಒಂದು ಕಡೆಗೆ ವಾಲಿ, ಮೈಮೇಲೆ ಗುಳ್ಳೆ ಎದ್ದಿರುತ್ತವೆ. ಹಬೆಯೂ ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಶತ್ರು ಆಲ್ಕೋಹಾಲ್. ಅರಗನ್ನು ವಾರ್ನಿಷ್ ಮಾಡಲು ಕರಗಿಸುವುದೇ ಅದರಲ್ಲಿ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈ, ಬಟ್ಟೆಗೆ ಸಿಂಪಡಿಸುವ ಸುಗಂಧ, ಸ್ಪಿರಿಟ್ ಬೆರೆತ ಕಲೆ ತೆಗೆಯುವ ದ್ರವ, ಯಾವುದು ತಾಗಿದರೂ ಅಂಟು ಕರಗಿ ಎಳೆಗಳ ಬುಡಕ್ಕೆ ಏರುತ್ತದೆ, ಆರಿದ ಮೇಲೆ ಗಟ್ಟಿ ಕಲೆಯಾಗಿ ಉಳಿಯುತ್ತದೆ. ಜಿಡ್ಡಿನ ಕಲೆಗೆ ವೈಟ್ ಸ್ಪಿರಿಟ್ ಎಂಬ ಪೆಟ್ರೋಲಿಯಂ ದ್ರಾವಕ ಸುರಕ್ಷಿತ, ಅರಗು ಅದರಲ್ಲಿ ಕರಗುವುದಿಲ್ಲ. ಹತ್ತಿಯ ತುದಿಗೆ ತೇವವಾಗುವಷ್ಟು ತೆಗೆದುಕೊಂಡು, ಪಟ್ಟಿಯ ಕೆಳಗೆ ಕಾಣದ ಜಾಗದಲ್ಲಿ ಬಣ್ಣ ಬಿಡುತ್ತದೆಯೇ ಎಂದು ಮೊದಲು ನೋಡಿ, ಗಾಳಿಯಾಡುವಲ್ಲಿ, ಬೆಂಕಿಯಿಂದ ದೂರ ಮಾಡಿ. ಚರ್ಮದ ಬೆವರುಪಟ್ಟಿಗೆ ಎಣ್ಣೆ ಹಚ್ಚುವ ಅಭ್ಯಾಸ ಬೇಡ. ಎಣ್ಣೆ ಅಲ್ಲೇ ನಿಲ್ಲದೆ ಚಿಪ್ಪಿನ ಹತ್ತಿ ಬಟ್ಟೆಗೆ ಇಳಿದು, ಹೊರಗಿನ ಪಟ್ಟಿಯ ಮೇಲ್ಗಡೆ ಮಂಕು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ.

ಹ್ಯಾಟನ್ನು ಅದರ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ಇಡಿ. ಹಳೆಯ ಚರ್ಮದ ಪೆಟ್ಟಿಗೆಗಳಲ್ಲಿ ಬ್ರಿಮ್ ಪೆಟ್ಟಿಗೆಯ ಮೇಲ್ಭಾಗದ ಒಳಅಂಚಿನ ಮೇಲೆ ಕೂತು, ಕ್ರೌನ್ ಎಲ್ಲಿಗೂ ತಾಗದೆ ತೂಗುತ್ತದೆ, ಅದಕ್ಕೆ ಸಮನಾದ ವ್ಯವಸ್ಥೆ ಇನ್ನೊಂದಿಲ್ಲ. ರಟ್ಟಿನ ಪೆಟ್ಟಿಗೆಯಾದರೆ ತಳಕ್ಕೆ ಆಮ್ಲರಹಿತ ಟಿಶ್ಯೂ ಕಾಗದ ಹಾಸಿ, ಕ್ರೌನಿನ ಒಳಗೆ ಸಡಿಲವಾಗಿ ಒಂದಿಷ್ಟು ತುಂಬಿ. ಬಿಗಿಯಾಗಿ ತುಂಬಿದರೆ ಒಳಗಿನಿಂದ ಒತ್ತುತ್ತದೆ. ಪತಂಗಕ್ಕೆ ರೇಷ್ಮೆಗಿಂತ ಬ್ರಿಮ್ಮಿನ ಕೆಳಗಿನ ಉಣ್ಣೆ ರುಚಿ. ನುಸಿಗುಳಿಗೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ, ಹ್ಯಾಟಿಗೆ ತಾಗಿಸಬೇಡಿ. ವರ್ಷಕ್ಕೆ ಎರಡು ಮೂರು ಸಲ ಹೊರತೆಗೆದು ಗಾಳಿಗಿಟ್ಟು, ಬ್ರಿಮ್ಮನ್ನು ತಿರುಗಿಸಿ ಕೆಳಬಟ್ಟೆಯನ್ನು ನೋಡಿ. ಮೊಟ್ಟೆಗಳು ಕಂಡರೆ ಮೃದು ಬ್ರಷ್‌ನಿಂದ ತೆಗೆದು, ಪೆಟ್ಟಿಗೆಯನ್ನೂ ಒರೆಸಿ, ಹಳೆಯ ಕಾಗದ ಎಸೆದು ಹೊಸದು ಹಾಕಿ.